ತಾಯಿಯ ಕೊರಳಲ್ಲೂ ಇಷ್ಟಲಿಂಗವಿದೆ

ಬೆಳಗಾವಿಯ ಲಿಂಗಾಯತ ಮನೆತನದ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ಅವರಿಗೆ 31 ವರ್ಷ. 17 ವಾರಗಳ ಗರ್ಭ ಉಳಿಯುವುದಿಲ್ಲವೆಂದು ವೈದ್ಯರಿಗೆ ಗೊತ್ತಿತ್ತು. ಗರ್ಭ ತೆಗೆಯಿರಿ ಎಂದು ಸವಿತಾ ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಇದೆ, ಕಾನೂನು ಒಪ್ಪುವುದಿಲ್ಲ ಎಂಬ ಉತ್ತರ ಬಂತು. ಅಷ್ಟರಲ್ಲಿ ರಕ್ತಕ್ಕೆ ನಂಜೇರಿತು. ಚಿಕಿತ್ಸೆಯಲ್ಲೂ ಲೋಪಗಳಿದ್ದವೆಂದು ತನಿಖೆಯಿಂದ ತಿಳಿಯಿತು. ಆದರೆ ಕಾದು ಕೂರುವಂತೆ ಮಾಡಿದ್ದು ಅಲ್ಲಿನ ಕಾನೂನು. ಅದರ ಹಿಂದಿದ್ದದ್ದು ಧರ್ಮದ ಹೆಸರಿನ ಕಟ್ಟಳೆ.

ಆ ಸಾವು ಐರ್ಲೆಂಡಿನ ಜನರನ್ನು ಅಲುಗಿಸಿತು. 2018ರ ಮೇ ತಿಂಗಳ ಜನಮತಗಣನೆಯಲ್ಲಿ ಶೇ. 66ಕ್ಕೂ ಹೆಚ್ಚು ಮಂದಿ ಆ ಕಟ್ಟಳೆಯನ್ನು ಸಂವಿಧಾನದಿಂದ ತೆಗೆಯಲು ಮತ ಹಾಕಿದರು. ನಮ್ಮ ಮಗಳ ಸಾವಿನಿಂದ ಅವರು ಕಲಿತರು. ನಾವೇನು ಕಲಿತೆವು?

ನಮ್ಮ ದೇಶದಲ್ಲಿ 1971ರಿಂದಲೇ ಕಾನೂನಿದೆ. 2021ರ ತಿದ್ದುಪಡಿಯಂತೆ 20 ವಾರಗಳವರೆಗೆ ಒಬ್ಬ ವೈದ್ಯರ, ಅತ್ಯಾಚಾರಕ್ಕೊಳಗಾದವರೇ ಮೊದಲಾದ ಕೆಲವರಿಗೆ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕು. 18 ತುಂಬಿದ ಹೆಣ್ಣಿಗೆ ತನ್ನ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿ ಬೇಕಿಲ್ಲ. ಮದುವೆಯಾಗದವರಿಗೂ ಈ ಹಕ್ಕು ಸಮಾನವೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಎಷ್ಟೋ ಕಡೆ "ಯಜಮಾನರನ್ನು ಕರೆತನ್ನಿ" ಎಂಬ ಮಾತು ನಿಂತಿಲ್ಲ. ಮನೆಯೊಳಗಂತೂ ಅತ್ತೆ, ಮಾವ, ಗಂಡ ಎಲ್ಲರೂ ಮಾತಾಡಿದ ಮೇಲೆ ಕೊನೆಗೆ ಸೊಸೆಯ ಸರದಿ.

ಎಂಟನೇ ತಿಂಗಳಲ್ಲಿ ಗರ್ಭಕ್ಕೆ ಲಿಂಗಧಾರಣೆ ಮಾಡುವ ಸಂಪ್ರದಾಯ ನಮ್ಮದು, ಹಾಗಿರುವಾಗ ಗರ್ಭಪಾತ ಮಹಾಪಾಪವಲ್ಲವೇ ಎಂದು ಕೆಲವು ಹಿರಿಯರು ಕೇಳುತ್ತಾರೆ. ಜೀವದ ಮೇಲಿನ ಅವರ ಗೌರವ ದೊಡ್ಡದು. ಆದರೆ ಆ ಗರ್ಭವನ್ನು ಹೊತ್ತ ತಾಯಿಯ ಕೊರಳಲ್ಲಿ ಅದಕ್ಕೂ ಮೊದಲೇ ಇಷ್ಟಲಿಂಗವಿದೆ. ಹೆಣ್ಣಿಗೂ ದೀಕ್ಷೆ ಕೊಟ್ಟು, ಮುಟ್ಟಿನ ಸೂತಕ, ಹೆರಿಗೆಯ ಸೂತಕಗಳನ್ನು ಬಸವಾದಿ ಶರಣರು ತಳ್ಳಿಹಾಕಿದ್ದು ಅವಳ ಮೈ ಮಲಿನವೆಂಬ ಮಾತನ್ನು ಒಪ್ಪದೆ. ಅವಳು ಪೂಜೆಗೆ ಅರ್ಹಳು, ಅವಳದೇ ಮೈಯ ನಿರ್ಧಾರಕ್ಕೆ ಅನರ್ಹಳು ಎಂದರೆ ಅದು ಶರಣಧರ್ಮವಾದೀತೆ?

ಇನ್ನೊಂದು ಪ್ರಶ್ನೆಯೂ ಇದೆ. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣ ಹೆಣ್ಣೋ ಗಂಡೋ ಎಂದು ಸ್ಕ್ಯಾನ್ ಮಾಡುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದರು. ಹಕ್ಕು ಕೊಟ್ಟರೆ ಇಂಥದೇ ಹೆಚ್ಚುತ್ತದೆ ಎನ್ನುವವರಿದ್ದಾರೆ. ಅಂಥ ಸ್ಕ್ಯಾನಿಂಗ್ 1994ರ ಕಾನೂನಿನಂತೆ ಅಪರಾಧ, ಅದು ಹಾಗೆಯೇ ಇರಬೇಕು. ಗಂಡುಮಗು ಬೇಕೆಂಬ ಮನೆಯವರ ಹಟಕ್ಕೆ ಮಣಿದು ಅಲ್ಲಿಗೆ ಹೋಗುವ ಹೆಣ್ಣು ಯಾವ ಹಕ್ಕನ್ನೂ ಚಲಾಯಿಸುತ್ತಿಲ್ಲ. ಗಾಲ್ವೇಯಲ್ಲಿ ಬೇಡವೆಂದರೂ ಹೊರಿಸಿದರು, ಇಲ್ಲಿ ಬೇಕೆಂದರೂ ತೆಗೆಸುತ್ತಾರೆ. ಎರಡೂ ಕಡೆ ಅವಳ ಮಾತಿಗೆ ಬೆಲೆಯಿಲ್ಲ.

ಮಠಗಳು ಮಾಡಬಹುದಾದ ಕೆಲಸ ಕಷ್ಟದ್ದಲ್ಲ. ಸಾಮೂಹಿಕ ಮದುವೆಗಳಲ್ಲಿ, ಶರಣ ಸಂಗಮಗಳಲ್ಲಿ ಈ ಕಾನೂನನ್ನು ವೈದ್ಯರಿಂದ ಹೇಳಿಸಲಿ. ಹೆಣ್ಣು ಹೆತ್ತವರನ್ನು ವೇದಿಕೆಗೆ ಕರೆದು ಗೌರವಿಸಲಿ. ಗರ್ಭ ತೆಗೆಸಿಕೊಂಡು ಬಂದ ಹೆಣ್ಣುಮಗಳು ಮಠದ ಮೆಟ್ಟಿಲು ಹತ್ತಿದರೆ ಪಾಪದ ಲೆಕ್ಕ ಕೇಳದೆ, "ಬಾ ತಾಯಿ, ಮೊದಲು ಪ್ರಸಾದ ಮಾಡು" ಎನ್ನಲಿ.