ಫಾರ್ಮ್ಯಾಟ್ ಮಾಡುವ ಮುನ್ನ ಆ ಕಪ್ಪು ಪರದೆ ಓದಿ

ದೀಪಾವಳಿ ಮುಗಿದು ತಿಂಗಳಾಗಿರಲಿಲ್ಲ. ಡೊಂಬಿವಲಿಯಿಂದ ಅಕ್ಕ ಫೋನ್ ಮಾಡಿದಳು. "ಲ್ಯಾಪ್‌ಟಾಪ್ ಚಾಲೂನ ಆಗವಲ್ದಾಗಿತ್ತು ನೋಡು. ಅಂಗಡಿಗೆ ಒಯ್ದು ಕೊಟ್ಟೆ. ಎಂಟ್ನೂರು ರೂಪಾಯಿ ತಗೊಂಡ, ಹೊಸಾದರಂಗ ಮಾಡಿಕೊಟ್ಟಾನ." ಹೊಸದರಂತೆ ಎಂದರೆ ಏನು ಎಂದು ನನಗೆ ತಕ್ಷಣ ಗೊತ್ತಾಯಿತು. ಡಿಸ್ಕ್ ಫಾರ್ಮ್ಯಾಟ್ ಆಗಿತ್ತು. ಧಾರವಾಡದಲ್ಲಿ ಅಮ್ಮನನ್ನು ಕೂರಿಸಿಕೊಂಡು ಅಕ್ಕ ರೆಕಾರ್ಡ್ ಮಾಡಿದ್ದ ಬೀಸುವ ಕಲ್ಲಿನ ಹಾಡುಗಳು ಅದರಲ್ಲಿದ್ದವು. ಫೋನಿನಲ್ಲಿ ಜಾಗ ಸಾಲದೆಂದು ಅಲ್ಲಿಂದ ಆಗಲೇ ಅಳಿಸಿದ್ದಳು. ಡಿಸ್ಕ್ ಎಸ್‌ಎಸ್‌ಡಿ ಆದ್ದರಿಂದ, ಅಳಿಸಿದ್ದನ್ನು ಹುಡುಕಿ ತೆಗೆಯುವ ಸಾಧನಗಳಿಗೂ ಏನೂ ಸಿಗಲಿಲ್ಲ.

ಅಂಗಡಿಯವನನ್ನು ಬೈಯುವುದು ಸುಲಭ. ಆದರೆ ಆ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟವನು ನಾನು. ಅದು ನಿಂತುಹೋಗಲು ಕಾರಣವೂ ನಾನು ಬರೆದ ಒಂದು ಸಾಲು.

ಲಿನಕ್ಸಿನಲ್ಲಿ ಎಫ್‌ಎಸ್‌ಟ್ಯಾಬ್ ಎಂಬ ಪುಟ್ಟ ಕಡತವಿದೆ. ಯಂತ್ರ ಏಳುವಾಗ ಯಾವ ಪಾರ್ಟಿಶನ್ನನ್ನು ಎಲ್ಲಿಗೆ ಜೋಡಿಸಬೇಕು ಎಂಬ ಪಟ್ಟಿ ಅದು. ಬ್ಯಾಕಪ್ಪಿಗೆಂದು ಕೊಟ್ಟ ಹೊರಗಿನ ಡಿಸ್ಕನ್ನು ನಾನು ಅದರಲ್ಲಿ ಸೇರಿಸಿದ್ದೆ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಡಿಸ್ಕುಗಳಿಗೆ ಕಾಯಂ ಅಲ್ಲ. ಯಾವುದು ಮೊದಲು ಕಣ್ಣಿಗೆ ಬಿತ್ತೋ ಅದು 'ಎ', ಅಷ್ಟೆ. ಒಂದು ಪೆನ್‌ಡ್ರೈವ್ ಸಿಕ್ಕಿಸಿಟ್ಟರೂ ಸರದಿ ಬದಲಾಗಬಹುದು. ಅದಕ್ಕೇ ಬಲ್ಲವರು ಯುಯುಐಡಿ ಬರೆಯುತ್ತಾರೆ. ಅದು ಫೈಲ್‌ಸಿಸ್ಟಮ್ಮಿಗೇ ಅಂಟಿಕೊಂಡ ಗುರುತು. ನಾನೂ ಅದನ್ನೇ ಬರೆದು, ಕೆಲಸ ಅಚ್ಚುಕಟ್ಟಾಯಿತೆಂದು ಬೀಗಿದ್ದೆ. ಸಾಲಿನಲ್ಲಿ 'ನೋಫೇಲ್' ಎಂಬ ಇನ್ನೊಂದು ಪದ ಇರಬೇಕಿತ್ತು. ಈ ಡಿಸ್ಕ್ ಸಿಗದಿದ್ದರೂ ಪರವಾಗಿಲ್ಲ, ಮುಂದೆ ಹೋಗು ಎಂದು ಅದರ ಅರ್ಥ. ಅದನ್ನು ಮರೆತೆ.

ದೀಪಾವಳಿಯಲ್ಲಿ ಸೋದರಳಿಯ ಆ ಡಿಸ್ಕನ್ನು ಹಾಸ್ಟೆಲ್ಲಿಗೆ ಒಯ್ದ. ಮುಂದಿನ ಸಲ ಲ್ಯಾಪ್‌ಟಾಪ್ ಶುರುವಾಗುವಾಗ ಸಿಸ್ಟಮ್‌ಡಿ ಇಲ್ಲದ ಡಿಸ್ಕಿಗಾಗಿ ತೊಂಬತ್ತು ಸೆಕೆಂಡ್ ಕಾಯಿತು, ಆಮೇಲೆ ಎಮರ್ಜೆನ್ಸಿ ಮೋಡ್ ಎಂದು ಇಂಗ್ಲಿಷಿನಲ್ಲಿ ಬರೆದು ನಿಂತಿತು. ಒಳಗಿನ ಡಿಸ್ಕಿಗೆ ಒಂದು ಗೀರೂ ಆಗಿರಲಿಲ್ಲ. ಆ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಹಾಕಿದ್ದರೆ, ಅಥವಾ ಡಿಸ್ಕನ್ನು ತಂದು ಸಿಕ್ಕಿಸಿದ್ದರೆ, ಎಲ್ಲ ಮೊದಲಿನಂತೆಯೇ ಇರುತ್ತಿತ್ತು.

ಹೀಗೆ ನಿಲ್ಲುವುದಕ್ಕೆ ಕಾರಣವಿದೆ, ಒಪ್ಪುತ್ತೇನೆ. ಸರ್ವರಿನಲ್ಲಿ ಡೇಟಾಬೇಸ್ ಇರುವ ಡಿಸ್ಕ್ ಸಿಗದೆ ಯಂತ್ರ ಮುಂದುವರಿದರೆ, ಬರೆಯುವುದೆಲ್ಲ ತಪ್ಪು ಜಾಗಕ್ಕೆ ಹೋಗುತ್ತದೆ. ಅಲ್ಲಿ ನಿಲ್ಲುವುದೇ ಸರಿ. ಆದರೆ ಡೊಂಬಿವಲಿಯ ಅಡುಗೆಮನೆಯ ಕಟ್ಟೆಯ ಮೇಲಿನ ಲ್ಯಾಪ್‌ಟಾಪ್ ಸರ್ವರಲ್ಲ. ಲಿನಕ್ಸನ್ನು ಮನೆಮನೆಗೆ ಮುಟ್ಟಿಸುತ್ತೇವೆ ಎನ್ನುವವರು ಆ ಕಪ್ಪು ಪರದೆಯ ಮೇಲೆ ಎರಡು ಮಾತು ಸೇರಿಸಬೇಕು: ಸಿಗದೇ ಇರುವ ಡಿಸ್ಕ್ ಯಾವುದು, ಮತ್ತು ನಿಮ್ಮ ಕಡತಗಳು ಎಲ್ಲೂ ಹೋಗಿಲ್ಲ ಎಂಬುದು. ಈಗಿರುವುದು ಲಾಗ್ ನೋಡುವ ಆಜ್ಞೆಯ ಹೆಸರು, ರೂಟ್ ಪಾಸ್‌ವರ್ಡ್ ಕೊಡಿ ಎಂಬ ಬೇಡಿಕೆ. ಅಕ್ಕನಿಗೆ ರೂಟ್ ಎಂದರೆ ಬಸ್ಸಿನದು.

ಬೂಟ್ ಪಾರ್ಟಿಶನ್ ತುಂಬಿಹೋಗುವ ಕಥೆಯೂ ಇಂಥದ್ದೇ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದವರಿಗೆ ಸಾಮಾನ್ಯವಾಗಿ ಬೂಟ್ ಬೇರೆ, ಚಿಕ್ಕ ಪಾರ್ಟಿಶನ್ನಾಗಿರುತ್ತದೆ. ಪ್ರತಿ ಹೊಸ ಕರ್ನಲ್ ಜೊತೆಗೆ ಹತ್ತಾರು ಎಂಬಿಯ ಇನಿಟ್‌ರಾಮ್‌ಎಫ್‌ಎಸ್ ಬಂದು ಕೂರುತ್ತದೆ. ಹಳೆಯವು ಹೋಗದಿದ್ದರೆ ಒಂದು ದಿನ ಅಪ್‌ಡೇಟ್ ಅರ್ಧಕ್ಕೇ ನಿಲ್ಲುತ್ತದೆ. ಮುಖ್ಯ ಡಿಸ್ಕಿನಲ್ಲಿ ನೂರಾರು ಜಿಬಿ ಖಾಲಿ ಇದ್ದರೂ ಜಾಗವಿಲ್ಲ ಎಂಬ ದೂರು! ಕಡತಗಳನ್ನು ಕೈಯಾರೆ ಅಳಿಸಹೋದವರು ಈಗ ಓಡುತ್ತಿರುವ ಕರ್ನಲನ್ನೇ ಕಿತ್ತುಹಾಕಿದ ಉದಾಹರಣೆ ನನ್ನ ಆಫೀಸಿನಲ್ಲೇ ಇದೆ. ಮೊದಲು 'ಯುನೇಮ್ ಹೈಫನ್ ಆರ್' ಎಂದು ಕೇಳಿ ಓಡುತ್ತಿರುವುದು ಯಾವುದೆಂದು ತಿಳಿದುಕೊಳ್ಳಿ. ಉಬುಂಟುವಿನಲ್ಲಾದರೆ ಹಳೆಯದನ್ನು 'ಆಪ್ಟ್ ಆಟೋರಿಮೂವ್' ಕೈಗೆ ಬಿಡಿ.

ಪೂರ್ತಿ ಏಳದ ಯಂತ್ರಕ್ಕೂ ದಾರಿ ಇದೆ. ಲೈವ್ ಪೆನ್‌ಡ್ರೈವಿನಿಂದ ಎಬ್ಬಿಸಿ, 'ಎಲ್‌ಎಸ್‌ಬಿಎಲ್‌ಕೆ ಹೈಫನ್ ಎಫ್' ಎಂದು ಬರೆದರೆ ಡಿಸ್ಕು, ಪಾರ್ಟಿಶನ್ನು, ಯುಯುಐಡಿ ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಅವುಗಳನ್ನು ಎಫ್‌ಎಸ್‌ಟ್ಯಾಬ್ ಪಕ್ಕಕ್ಕಿಟ್ಟು ನೋಡಿ. ಎಷ್ಟೋ ಸಲ ತಪ್ಪು ಅಲ್ಲಿಯೇ ಕಾಣುತ್ತದೆ. ಆದರೆ ರಿಪೇರಿಗೆ ಕೈ ಹಾಕುವ ಮೊದಲು ಬೇಕಾದ ಕಡತಗಳನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿ. ಎಫ್‌ಎಸ್‌ಸಿಕೆ ಓಡಿಸುವುದಿದ್ದರೆ ಪಾರ್ಟಿಶನ್ ಮೌಂಟ್ ಆಗಿರಕೂಡದು. ಅಂಗಡಿಗೇ ಒಯ್ಯುವುದಾದರೂ ಇಷ್ಟು ಹೇಳಿ: ಮೊದಲು ನಕಲು, ಆಮೇಲೆ ಮಿಕ್ಕದ್ದು. ಹಾಗೆ ಮಾಡಲು ಅಂಗಡಿಯವನಿಗೆ ಇನ್ನೊಂದು ಗಂಟೆ ಹಿಡಿಯಬಹುದು, ನೂರಿನ್ನೂರು ರೂಪಾಯಿ ಹೆಚ್ಚು ಕೇಳಬಹುದು. ಕೊಡಿ.

ಹೊರಗಿನ ಡಿಸ್ಕ್ ಹಾಸ್ಟೆಲ್ಲಿನಿಂದ ವಾಪಸು ಬಂದಿದೆ. ಅದರಲ್ಲಿ ಗಣೇಶ ಹಬ್ಬದವರೆಗಿನದೆಲ್ಲ ಇದೆ, ಹಾಡುಗಳಿಲ್ಲ. ಕಳೆದ ತಿಂಗಳು ಅಮ್ಮನನ್ನು ಮತ್ತೆ ಹಾಡಿಸಿದೆವು. ಎರಡು ಪೂರ್ತಿ ಬಂದವು. ಮೂರನೆಯದರ ನಡುವೆ ನಿಲ್ಲಿಸಿ, "ಮುಂದಿಂದು ಅಕ್ಕಗ ಗೊತ್ತದ, ಆಕೀನ್ನ ಕೇಳು" ಅಂದಳು. ಅಕ್ಕನಿಗೆ ಗೊತ್ತಿಲ್ಲ.