ಗಣಕಯಂತ್ರದ ಡಂಗುರ

‘ಎಚ್ಚರ’ ಎಂಬ ನಮ್ಮ ಶಬ್ದಕ್ಕೆ ಎರಡು ಅರ್ಥಗಳುಂಟು. ನಿದ್ರೆಯಿಲ್ಲದ ಸ್ಥಿತಿ ಒಂದು, ಅಪಾಯದ ಅರಿವು ಇನ್ನೊಂದು. ಮಲಗಿದವನನ್ನು ಎಬ್ಬಿಸದೆ ಅಪಾಯವನ್ನು ತಿಳಿಸಲಾಗದು. ಆದರೆ ಅಪಾಯವಿಲ್ಲದೆಯೇ ಪದೇ ಪದೇ ಎಬ್ಬಿಸಿದರೆ ಆತನು ಕಣ್ತೆರೆದಿದ್ದರೂ ಎಚ್ಚರದಿಂದಿರುವುದಿಲ್ಲ. ಕಚೇರಿಯ ಗಣಕಯಂತ್ರಗಳ ಪರದೆಯ ಮೇಲೆ ಹಠಾತ್ತನೆ ಮೂಡುವ ಎಚ್ಚರಿಕೆಯ ಸಂದೇಶಗಳನ್ನು ಕುರಿತು ಈ ದೃಷ್ಟಿಯಿಂದ ಕೆಲವು ಮಾತುಗಳನ್ನು ನಿವೇದಿಸಬಯಸುತ್ತೇನೆ. ವ್ಯಾಕರಣ ಛಂದಸ್ಸುಗಳನ್ನು ಬೋಧಿಸುವವನಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಪೆಟ್ಟು ತಿಂದವನಿಗೆ ಮಾತನಾಡುವ ಅಧಿಕಾರವುಂಟೆಂಬುದೇ ನನ್ನ ಉತ್ತರ.

2003ರಲ್ಲಿ ಒಂದು ಕಾರ್ಯಾಲಯದಲ್ಲಿ ಹಳಗನ್ನಡ ಕಾವ್ಯವೊಂದರ ಪದಸೂಚಿಯನ್ನು ಸಿದ್ಧಪಡಿಸುವ ಕೆಲಸದಲ್ಲಿ ತೊಡಗಿದ್ದೆನು. ಅಲ್ಲಿ ಹನ್ನೆರಡು ಗಣಕಗಳು ತಂತಿಯಿಂದ ಪರಸ್ಪರ ಜೋಡಣೆಗೊಂಡಿದ್ದವು. ಅಂದಿನ ವಿಂಡೋಸ್ ಗಣಕಗಳಲ್ಲಿ ‘ನೆಟ್ ಸೆಂಡ್’ ಎಂಬ ಆಜ್ಞೆಯಿತ್ತು. ಅದರ ಮುಂದೆ ಒಂದು ಗಣಕದ ಹೆಸರನ್ನೂ ಹೇಳಬೇಕಾದ ಮಾತನ್ನೂ ಬರೆದರೆ, ‘ಮೆಸೆಂಜರ್’ ಎಂಬ ಸೇವೆಯ ಮೂಲಕ ಆ ಗಣಕದ ಪರದೆಯ ನಡುವೆ ಚೌಕವೊಂದು ಮೂಡುತ್ತಿತ್ತು. ಹೆಸರಿಗೆ ಬದಲಾಗಿ ನಕ್ಷತ್ರಚಿಹ್ನೆಯನ್ನು ಬರೆದರಂತೂ ಎಲ್ಲರ ಪರದೆಗಳ ಮೇಲೂ ಅದೇ ಚೌಕ! ಅದರಲ್ಲಿ ಇದ್ದುದು ‘ಓಕೆ’ ಎಂಬ ಒಂದೇ ಗುಂಡಿ. ನಮ್ಮ ನುಡಿಯನ್ನು ಅಂದು ಪ್ರತ್ಯೇಕ ಫಾಂಟುಗಳಲ್ಲಿ ಬೆರಳಚ್ಚಿಸುತ್ತಿದ್ದುದರಿಂದ ಆ ಚೌಕದಲ್ಲಿ ಕನ್ನಡ ಅಕ್ಷರಗಳು ಮೂಡುತ್ತಿರಲಿಲ್ಲ. ಕನ್ನಡದ ಮಾತನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುತ್ತಿದ್ದರು. ಅದನ್ನು ಓದುವುದು ನನ್ನಂಥವನಿಗೆ ಶಾಸನ ಓದುವುದಕ್ಕಿಂತ ಕಷ್ಟವಾಗಿತ್ತು.

ಆಗ ದಕ್ಷಿಣ ಆಫ್ರಿಕದಲ್ಲಿ ವಿಶ್ವಕಪ್ ಕ್ರಿಕೆಟ್ ನಡೆಯುತ್ತಿದ್ದ ಕಾಲ. ಉತ್ಸಾಹಿ ತರುಣನೊಬ್ಬನು ವಿಕೆಟ್ ಬಿದ್ದಾಗಲೆಲ್ಲ ನಕ್ಷತ್ರಚಿಹ್ನೆಯಿಟ್ಟು ಸರ್ವರಿಗೂ ಸಾರುತ್ತಿದ್ದನು. ಚಹಾ ಬಂದರೂ ಚೌಕ, ಯಾರದೋ ಕನ್ನಡಕ ಕಳೆದರೂ ಚೌಕ. ಓದದೆಯೇ ಗುಂಡಿಯೊತ್ತುವುದು ನಮ್ಮ ಬೆರಳಿಗೆ ಅಭ್ಯಾಸವಾಯಿತು. ಒಂದು ಅಪರಾಹ್ಣ ವಿದ್ಯುತ್ತು ಹೋಗಿ, ಬ್ಯಾಟರಿ ಇನ್ನು ಐದು ನಿಮಿಷ ಮಾತ್ರ ಉಳಿಯುವುದೆಂಬ ಸಂದೇಶ ಬಂದಿತು. ಅದನ್ನೂ ನಾನು ಹಾಗೆಯೇ ಒತ್ತಿ ಕಳೆದೆನು. ಮುನ್ನೂರು ಪದಗಳ ನಮೂದು ನಷ್ಟವಾಯಿತು. ತಪ್ಪು ನನ್ನದೂ ಹೌದು, ಕಾಲಕಾಲಕ್ಕೆ ಕಡತವನ್ನು ಉಳಿಸಿಕೊಳ್ಳಬೇಕಾಗಿತ್ತು. ಆದರೆ ಹಿಂದೆ ಊರಿಗೆ ಡಂಗುರ ಸಾರುವವನು ಒಬ್ಬನೇ ಇರುತ್ತಿದ್ದನು. ಮದುವೆಯ ಮನೆಯವರು ಅವನ ತಮಟೆಯನ್ನು ಕಸಿದುಕೊಂಡು ಊಟಕ್ಕೆ ಕರೆಯುತ್ತಿರಲಿಲ್ಲವಷ್ಟೆ!

ಇದೇ ಅನರ್ಥವು ಜಗತ್ತಿನಾದ್ಯಂತ ದೊಡ್ಡ ಪ್ರಮಾಣದಲ್ಲಿ ಸಂಭವಿಸಿತು. ಕಚೇರಿಯೊಳಗಿನ ಬಳಕೆಗೆಂದು ಮಾಡಿದ ಈ ಬಾಗಿಲು ಅಂತರ್ಜಾಲದ ಕಡೆಗೂ ತೆರೆದೇ ಇದ್ದುದರಿಂದ ಜಾಹೀರಾತುದಾರರು ನುಗ್ಗಿದರು. ಈ ಚೌಕಗಳನ್ನು ತಡೆಯುವ ತಂತ್ರಾಂಶವನ್ನು ಮಾರುವುದಕ್ಕಾಗಿಯೇ ಈ ಚೌಕಗಳನ್ನು ಕಳಿಸುತ್ತಿದ್ದರೆಂಬ ಆರೋಪದ ಮೇಲೆ ಅಮೇರಿಕದ ಫೆಡರಲ್ ಟ್ರೇಡ್ ಕಮಿಷನ್ 2003ರ ನವೆಂಬರಿನಲ್ಲಿ ಒಂದು ಸಂಸ್ಥೆಯ ವಿರುದ್ಧ ದಾವೆ ಹೂಡಿತು. ಮನೆಗೆ ಕಲ್ಲೆಸೆದು ಕಿಟಕಿ ಮಾರಲು ಬಂದವನ ವ್ಯಾಪಾರವದು. ಆ ಸೇವೆಯ ಮೂಲಕ ಪರರು ಗಣಕವನ್ನೇ ವಶಪಡಿಸಿಕೊಳ್ಳಬಹುದಾದ ದೋಷವಿದೆಯೆಂದು ಮೈಕ್ರೋಸಾಫ್ಟ್ ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಕಟಿಸಿತ್ತು. 2004ರಲ್ಲಿ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕಿನಲ್ಲಿ ಅದನ್ನು ಮುಚ್ಚಿಟ್ಟರು, ವಿಸ್ಟಾದಲ್ಲಿ ಕಿತ್ತೇಹಾಕಿದರು.

ಹೀಗೆ ಕಿತ್ತುಹಾಕಿದ್ದು ಮನೆಗಳ ಮಟ್ಟಿಗೆ ಸರಿಯೆಂದು ಒಪ್ಪುವೆನು. ಕಚೇರಿಗಾದರೋ ತಮಟೆಯೇ ಬೇಡವೆಂಬುದು ಅತಿರೇಕ. ಈ-ಅಂಚೆಯು ತೆರೆಯುವವರೆಗೆ ಕಾಯುತ್ತದೆ. ವಾಟ್ಸಾಪಿನ ಗುಂಪಿನಲ್ಲಿ ಶುಭೋದಯದ ಹೂಗಳ ನಡುವೆ ಅಪಾಯದ ವಾರ್ತೆಯೂ ಹೂತುಹೋಗುತ್ತದೆ. ಯೂನಿಕ್ಸ್ ವ್ಯವಸ್ಥೆಯನ್ನು ರಚಿಸಿದವರು ಈ ಸೂಕ್ಷ್ಮವನ್ನು ಮೊದಲೇ ಗ್ರಹಿಸಿದ್ದರು. ಪರರ ಪರದೆಗೆ ಬರೆಯುವ ‘ರೈಟ್’ ಆಜ್ಞೆಯ ಜೊತೆಗೇ ಬೇಡವೆನ್ನುವ ‘ಮೆಸ್ಗ್’ ಆಜ್ಞೆಯೂ 1971ರ ಅವರ ಪ್ರಥಮ ಕೈಪಿಡಿಯಲ್ಲಿದೆ. ಸರ್ವರಿಗೂ ಸಾರುವ ‘ವಾಲ್’ ಆಜ್ಞೆಯ ಮೂಲಕ ಆ ನಿರಾಕರಣೆಯನ್ನು ಮೀರುವ ಅಧಿಕಾರ ಮುಖ್ಯ ನಿರ್ವಾಹಕನೊಬ್ಬನಿಗೆ ಮಾತ್ರ. ನನ್ನ ದೃಷ್ಟಿಯಲ್ಲಿ ಇದೇ ನ್ಯಾಯವಾದ ಏರ್ಪಾಡು. ವಿಂಡೋಸಿನ ವೃತ್ತಿಪರ ಆವೃತ್ತಿಗಳಲ್ಲಿ ‘ಎಂ.ಎಸ್.ಜಿ.’ ಎಂಬ ಆಜ್ಞೆ ಉಳಿದಿದೆ. ಅನ್ಯ ಗಣಕಕ್ಕೆ ಕಳಿಸಲು ಅನುಮತಿ ಬೇಕಾಗುತ್ತದೆ. ಆ ಅನುಮತಿಯನ್ನು ಕಚೇರಿಯಲ್ಲಿ ಒಬ್ಬರಿಗೆ ಮಾತ್ರ ಕೊಡಲಿ. ಸರ್ವರ್ ನಿಲ್ಲುವಾಗ, ವಿದ್ಯುತ್ತು ಹೋಗುವಾಗ, ಬೆಂಕಿ ಬಿದ್ದಾಗ ಮಾತ್ರ ಅವರು ಬಳಸಲಿ.

ಇನ್ನೊಂದು ಮಾತು, ಇದು ನನ್ನ ವೃತ್ತಿಗೆ ಸಂಬಂಧಿಸಿದ್ದು. ಕನ್ನಡ ವಾಕ್ಯದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ‘ತಾಂತ್ರಿಕ ದುರಸ್ತಿಯ ನಿಮಿತ್ತ ಸರ್ವರ್ ಸೇವೆಯನ್ನು ಮಧ್ಯಾಹ್ನ ಮೂರು ಗಂಟೆಯಿಂದ ತಾತ್ಕಾಲಿಕವಾಗಿ ಸ್ಥಗಿತಗೊಳಿಸಲಾಗುವುದರಿಂದ’ ಎಂದು ಆರಂಭಿಸಿದರೆ ಕ್ರಿಯಾಪದವನ್ನು ತಲಪುವಷ್ಟರಲ್ಲಿ ಬೆರಳು ಗುಂಡಿಯೊತ್ತಿರುತ್ತದೆ. ‘ಕಡತ ಉಳಿಸಿರಿ. ಐದು ನಿಮಿಷದಲ್ಲಿ ಸರ್ವರ್ ನಿಲ್ಲುತ್ತದೆ.’ ಇಷ್ಟು ಸಾಕು. ದೀರ್ಘ ಸಮಾಸಗಳನ್ನು ಪ್ರೀತಿಸುವ ನಾನೇ ಇದನ್ನು ಹೇಳಬೇಕಾಗಿ ಬಂದುದು ವಿಧಿವಿಲಾಸ.

ನಷ್ಟವಾದ ಪದಗಳನ್ನು ಮತ್ತೆ ನಮೂದಿಸಲು ಎರಡು ದಿನ ಹಿಡಿಯಿತು. ನಕ್ಷತ್ರಚಿಹ್ನೆಯನ್ನು ಇನ್ನು ಮುಂದೆ ಕಾರ್ಯಾಲಯದ ವ್ಯವಸ್ಥಾಪಕರ ಹೊರತು ಯಾರೂ ಬಳಸಕೂಡದೆಂದು ಗೋಡೆಗೆ ಚೀಟಿ ಅಂಟಿಸಿದರು. ಆ ತರುಣನು ಅಂದಿನಿಂದ ನನ್ನ ಮೇಜಿನವರೆಗೆ ನಡೆದು ಬಂದು, ‘ಪಂಡಿತರೇ, ಇನ್ನೊಂದು ವಿಕೆಟ್ ಬಿತ್ತು’ ಎಂದು ಮೆಲುದನಿಯಲ್ಲಿ ಹೇಳಿ ಹೋಗತೊಡಗಿದನು.