ಸೊನ್ನೆಯಿಂದ ಶುರು ಮಾಡಿ

ಹೊನ್ನವಳ್ಳಿ ಕಡೆ ತಾತಂದಿರು ಅಟ್ಟದ ಮೇಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಗಿಟುಕು ಲೊಡಲೊಡ ಎಂದರೆ ಕೊಬ್ಬರಿ ಆಗಿದೆ ಎಂದರ್ಥ. ಇಂಥ ಸಣ್ಣ ಸದ್ದನ್ನೂ ಹಿಡಿಯುವ ಕಿವಿಯನ್ನು ಜೋಪಾನ ಮಾಡಬೇಕಲ್ಲವೇ, ಮಕ್ಕಳೇ? ಹೆಡ್‌ಫೋನ್ ಹಾಕುವಾಗಲಂತೂ ಮಾಡಲೇಬೇಕು.

ಕಂಪ್ಯೂಟರಿನೊಳಗೆ ಹಾಡು ಅಂಕಿಗಳಾಗಿ ಕೂತಿರುತ್ತದೆ. ಸಿ.ಡಿ.ಯ ಹಾಡಾದರೆ ಒಂದೊಂದು ಕಿವಿಗೂ ಸೆಕೆಂಡಿಗೆ 44,100 ಅಂಕಿ! ಅವನ್ನು ವಿದ್ಯುತ್ತಿನ ಅಲೆಯಾಗಿ ಮಾಡುವುದು ಸೌಂಡ್ ಕಾರ್ಡ್. ಆ ಅಲೆಗೆ ಬಲ ಕೊಡುವುದು ಆಂಪ್ಲಿಫೈಯರ್. ಹೆಡ್‌ಫೋನಿನ ಪೆಟ್ಟಿಗೆಯ ಮೇಲೆ 32 ಓಮ್ ಎಂದಿದ್ದರೆ ಸಾಮಾನ್ಯವಾಗಿ ಕಂಪ್ಯೂಟರಿನ ಬಲವೇ ಸಾಕು. 250, 300 ಎಂದಿದ್ದರೆ ಆಂಪ್ಲಿಫೈಯರ್ ಬೇಕಾಗಬಹುದು.

ಜೋಡಿಸುವುದು ಸುಲಭ. ಕಂಪ್ಯೂಟರಿನ ಹಸಿರು ತೂತಿನಿಂದ ವೈರನ್ನು ಆಂಪ್ಲಿಫೈಯರಿನ ‘ಇನ್‌ಪುಟ್’ಗೆ ಸಿಕ್ಕಿಸಿ. ಗುಲಾಬಿ ತೂತು ಮೈಕಿನದು, ಅದು ಬೇಡ. ಹೆಡ್‌ಫೋನ್ ಚಿತ್ರವಿರುವ ತೂತಿಗೆ ಹೆಡ್‌ಫೋನ್. ದೊಡ್ಡ ಸ್ಪೀಕರಿನ ವೈರು ಕಟ್ಟುವ ಕಡೆ ಅದನ್ನು ಜೋಡಿಸಲೇಬಾರದು.

ಇನ್ನು ಮುಖ್ಯವಾದ ಮಾತು. ಕಿವಿ ಸ್ವಲ್ಪ ಮಂದವಾದ ತಾತ ಜೋರಾಗಿಟ್ಟುಕೊಂಡು ಕೇಳಿರುತ್ತಾರೆ. ಹಿಂದೆಯೇ ಮೊಮ್ಮಗಳು ಅದನ್ನೇ ಹಾಕಿಕೊಂಡರೆ? ಒಳಕಿವಿಯಲ್ಲಿ ಸದ್ದು ಹಿಡಿಯುವ ಕೂದಲಿನಂಥ ಜೀವಕೋಶಗಳಿವೆ. ಅವು ಒಮ್ಮೆ ಸತ್ತರೆ ಮತ್ತೆ ಚಿಗುರುವುದಿಲ್ಲ.

ಆದ್ದರಿಂದ ತಾತ, ಕೇಳಿ ಮುಗಿದ ಕೂಡಲೇ ವಾಲ್ಯೂಮ್ ಗುಂಡಿಯನ್ನು ಸೊನ್ನೆಗೆ ತಿರುಗಿಸಿ. ಮಕ್ಕಳೇ, ಹಾಕಿಕೊಳ್ಳುವ ಮುಂಚೆ ನೀವೂ ಒಮ್ಮೆ ನೋಡಿ, ಆಮೇಲೆ ನಿಧಾನವಾಗಿ ಏರಿಸಿ. ಪಕ್ಕದಲ್ಲೇ ಕೂತ ಅಜ್ಜಿ ಕರೆದದ್ದು ಕೇಳಿಸದಿದ್ದರೆ ಸದ್ದು ಹೆಚ್ಚಾಯಿತೆಂದೇ ಲೆಕ್ಕ.